ಬೆನ್ನು ಹಚ್ಚಿದ ಗೋಡೆ

ಬಣ್ಣದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಶಹಾಪುರದ ನಮ್ಮ ಮನೆಯ ಪಡಸಾಲೆಗೆ ಮಸುಕಾದ ನೀಲಿ-ಹಸಿರು ಬಳಿಸಬೇಕೆಂದು ನಾನೇ ತೀರ್ಮಾನಿಸಿದೆ. ಸುರಪುರದ ಶಾಲೆಗೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿ ಬರುವ ನನಗೆ, ಅಲ್ಲಿ ಹಳೇ ಮನೆಯೊಂದರ ಬಾಗಿಲು ಕಾಣುತ್ತಿತ್ತು. ಬಿಸಿಲು ತಿಂದು ತಿಂದು ನೀಲಿಯೂ ಅಲ್ಲದ, ಹಸಿರೂ ಅಲ್ಲದ ಬಣ್ಣಕ್ಕೆ ಬಂದಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ಅದನ್ನು ನೋಡಿದರೇ ಕಣ್ಣು ತಣ್ಣಗಾಗುತ್ತಿತ್ತು.

ತಂಗಿಯನ್ನು ನೋಡಲು ರಾಮಸಮುದ್ರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವ್ವನಿಗೆ ಗಿಳಿಹಸಿರು ಬೇಕಿತ್ತು. ಹೊಸದಾಗಿ ಬಳಿಸಿದ್ದು ರಸ್ತೆಯಿಂದಲೇ ಗೊತ್ತಾಗಬೇಕಂತೆ. ಬಣ್ಣ ಒಣಗಿದ ಮೇಲೆ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಒಂದೇ ಮಾತು: “ಹೊಸಾದೇ ಹಳೇದಾದಂಗ ಕಾಣ್ತದಲ್ಲವ್ವ.”

ನಾನು ನಕ್ಕೆ. ತಂಗಿ ನಗಲಿಲ್ಲ. ಯಾದಗಿರಿಯಲ್ಲಿ ನರ್ಸ್ ಆಗಿರುವ ಅವಳಿಗೆ ಮದುವೆಯಾದ ಮೇಲೂ ಕೆಲಸ ಬಿಡುವ ಮನಸ್ಸಿರಲಿಲ್ಲ. ಅದನ್ನು ಅವರ ಮುಂದೆ ತಾನೇ ಬಾಯಿಬಿಟ್ಟು ಹೇಳಬೇಕು, ಹೇಳಲಾಗದಿದ್ದರೆ ಈ ಸಂಬಂಧವೇ ಬೇಡ ಎಂದು ನನಗೊಬ್ಬಳಿಗೇ ತಿಳಿಸಿದ್ದಳು. ಹಿಂದೆ ನೋಡಲು ಬಂದವರ ಮುಂದೆ ಅವಳಿಗೆ ಬಾಯೇ ಬಂದಿರಲಿಲ್ಲ.

ಅವರು ಬಂದರು. ಜಮಖಾನದ ಮೇಲೆ, ಗೋಡೆಯಿಂದ ಗೇಣು ದೂರ, ಬೆನ್ನು ನೆಟ್ಟಗೆ ಮಾಡಿ ಕೂತರು. ಮಂಡಕ್ಕಿಯ ಸುಸಲಾ ತಿಂದರು, ಚಹಾ ಕುಡಿದರು, ಕಾಲುವೆಗೆ ನೀರು ಬಂತೇ ಎಂದು ಕೇಳಿ ಸುಮ್ಮನಾದರು. ಈಗ ಏಳುತ್ತಾರೆ, ಆಗ ಏಳುತ್ತಾರೆ ಎನ್ನುವಂತಿತ್ತು. ಅವ್ವ ಅಡುಗೆಮನೆಯ ಬಾಗಿಲಿಂದ ನನ್ನನ್ನೂ ಗೋಡೆಯನ್ನೂ ಸುಡುವಂತೆ ನೋಡಿದಳು. ನಡುವೆ ಮಣೆಯ ಮೇಲೆ ತಂಗಿ ತಲೆ ತಗ್ಗಿಸಿ ಕೂತಿದ್ದಳು.

ಆಗ ಗಂಡಿನ ತಾಯಿ ಸೊಂಟ ನೀವಿಕೊಂಡರು. ಹಾಗೇ ಸೆರಗನ್ನು ಮುಂದಕ್ಕೆಳೆದು ಗೋಡೆಗೆ ತಾಗದಂತೆ ಹಿಡಿದುಕೊಂಡರು. ನನಗೆ ಥಟ್ಟನೆ ಹೊಳೆಯಿತು. ಹೊಳಪಿಲ್ಲದ ಈ ಬಣ್ಣವನ್ನು ಅವರು ನೀಲಿ ಕಲಸಿದ ಸುಣ್ಣ ಎಂದುಕೊಂಡಿದ್ದಾರೆ. ನಾವೆಲ್ಲ ಸುಣ್ಣದ ಮನೆಗಳಲ್ಲಿ ಬೆಳೆದವರು, ಗೋಡೆಗೆ ಒರಗಿ ಬೆನ್ನಿಗೆ ಸುಣ್ಣ ಹಚ್ಚಿಕೊಂಡೆವೆಂದು ಚಿಕ್ಕಂದಿನಿಂದ ಬೈಸಿಕೊಂಡವರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೇಷ್ಮೆ ಸೀರೆ ಉಟ್ಟು ಬಂದವರು ಒರಗುವುದುಂಟೇ?

ಬಾಯಲ್ಲಿ ಹೇಳಿದರೆ ಅವರಿಗೆ ಮುಜುಗರ. ನಾನು ಹೋಗಿ ಆ ತಾಯಿಯ ಪಕ್ಕದಲ್ಲಿ ಕೂತೆ. ನನ್ನ ಕಪ್ಪು ರವಿಕೆಯ ಬೆನ್ನನ್ನು ಗೋಡೆಗೆ ಚೆನ್ನಾಗಿ ತಿಕ್ಕಿ, ಚಹಾದ ಲೋಟ ಎತ್ತುವ ನೆಪದಲ್ಲಿ, ಕಲೆಯಿಲ್ಲದ ಬೆನ್ನನ್ನು ಅವರ ಕಡೆ ತಿರುಗಿಸಿದೆ.

“ಹತ್ತಂಗಿಲ್ಲೇನವ್ವ ಇದು?” ಎಂದರು ಅವರು. ಗೋಡೆಯನ್ನು ಬೆರಳಿಂದ ಸವರಿ, ಬೆರಳು ನೋಡಿಕೊಂಡು, ಮೆಲ್ಲಗೆ ಒರಗಿ ಕಾಲು ಚಾಚಿದರು. ಅವರನ್ನು ನೋಡಿ ಉಳಿದವರೂ ಒರಗಿದರು, ಗಂಡು ಕೊನೆಗೆ. ಬೆನ್ನಿಗೆ ಆಸರೆ ಸಿಕ್ಕಿದ್ದೇ ತಡ, ಹತ್ತಿಯ ಧಾರಣೆಯಿಂದ ಹಿಡಿದು ಅವರ ಮನೆಯ ಎಮ್ಮೆಯವರೆಗೆ ಮಾತು ಹರಿಯಿತು. ನಾನು ಆರಿಸಿದ ಬಣ್ಣದ ಮೇಲೆ ನನಗೆ ಮೊದಲಿನಷ್ಟೇ ಅಭಿಮಾನ ಬಂತು.

ಆ ತಾಯಿಯ ಕಣ್ಣು ನಡುವೆ ಕೂತವಳ ಮೇಲೆ ಬಿತ್ತು.

“ನೀನೂ ಬಾರವ್ವ, ಬೆನ್ನ ಹಚ್ಚಿ ಕುಂದ್ರು. ದಿನಾ ನಿಂತು ಕೆಲಸ ಮಾಡಾಕಿ.”

ತಂಗಿ ಮಣೆ ಬಿಟ್ಟು ಎದ್ದು ಬಂದು ಅವರ ಪಕ್ಕ ಗೋಡೆಗೆ ಒರಗಿದಳು. ಒರಗಿದ ಮೇಲೆ ತಲೆ ತಾನಾಗಿ ಮೇಲೆದ್ದಿತು.

“ನಾ ನೌಕರಿ ಬಿಡಂಗಿಲ್ರಿ,” ಎಂದಳು.

ಗಂಡು ತನ್ನ ತಾಯಿಯ ಮುಖ ನೋಡಿದ. ನಾನೂ ನೋಡಿದೆ.

“ಬಿಡು ಅಂತ ಯಾರಂದಾರ?” ಎಂದು ಆ ತಾಯಿ ಇನ್ನಷ್ಟು ಹಿಂದಕ್ಕೆ ಒರಗಿದರು.