ಅವ್ವನ ಹಿಡಿ ಎಷ್ಟು ದೊಡ್ಡದು?

ಇಲ್ಲಿ ಹೇಳಹೊರಟಿರುವುದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನಾನೇ ಕೂಡಿಸಿಕೊಂಡದ್ದೆಷ್ಟು ಎಂಬುದು ನನಗೆ ಖಚಿತವಿಲ್ಲ. ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಮೊರ ಮುಂದಿಟ್ಟುಕೊಂಡು ಕೂತು ಮೆಂತ್ಯದ ಕಾಳನ್ನು ಹಿಡಿಹಿಡಿಯಾಗಿ ಅಳೆದು ಹಾಕುತ್ತಿದ್ದಳು, ಇಷ್ಟು ನೆನಪಿದೆ. ಆಗ ಬೇಸಿಗೆಯಿತ್ತೇ ಎಂದು ಯಾರಾದರೂ ಕೇಳಿದರೆ, ವರ್ಷದ ಮಸಾಲೆ ಖಾರ ಕುಟ್ಟಿಸುವುದು ಬೇಸಿಗೆಯಲ್ಲೇ ಆದ್ದರಿಂದ ಬೇಸಿಗೆಯೇ ಇರಬೇಕು ಎನ್ನುತ್ತೇನೆ. ಅಂದರೆ ಅದು ನೆನಪಲ್ಲ, ತರ್ಕ. ಮೆಣಸಿನಕಾಯಿಯ ಘಾಟಿಗೆ ನಮ್ಮ ಬೆಕ್ಕು ಸಾಲಾಗಿ ಏಳು ಸಲ ಸೀನಿತು ಎಂದು ಇಪ್ಪತ್ತು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಆದರೆ ಬ್ಯಾಡಗಿಯಲ್ಲಿರುವ ನನ್ನ ಅಕ್ಕ ಗಿರಿಜಕ್ಕನ ಪ್ರಕಾರ ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದರ ಪ್ರಮುಖ ಫಲವೆಂದರೆ ಇದು: ಯಾವುದನ್ನೂ ಅಳೆಯದೆ ನಂಬಲಾಗದ ಸ್ಥಿತಿ. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪಾಠ ಹೇಳಲು ದಿನಾ ಬೆಳಗ್ಗೆ ಹಾವೇರಿಯಿಂದ ಹೊರಡುವ ನಾನು, ಗ್ಯಾಸಿನ ನಳ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯದಿಂದ ಬಸ್ ಸ್ಟ್ಯಾಂಡಿನಿಂದ ಎರಡು ಸಲ ಮನೆಗೆ ತಿರುಗಿ ಬಂದದ್ದುಂಟು. ಮೂರನೆಯ ಸಲವೂ ಬಂದೆನೇ ಎಂಬ ಬಗ್ಗೆಯೂ ಈಗ ಸಂಶಯವಿದೆ. ಇಂಥ ನನಗೆ ಒಂದೇ ಒಂದು ವಿಷಯದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಅವ್ವನ ಕೈ ದೊಡ್ಡದು.

ನನಗೊಂದು ಚಟವಿದೆ. ಕೆಲವರು ಬಿಡುವಿನಲ್ಲಿ ಗಿಡ ಬೆಳೆಸುತ್ತಾರೆ, ಕೆಲವರು ಪಕ್ಕದ ಮನೆಯವರ ವಿಚಾರ ಮಾಡುತ್ತಾರೆ. ನಾನು ಸಣ್ಣ ಸಣ್ಣ ಜಾಲಪುಟಗಳನ್ನು ಕಟ್ಟುತ್ತೇನೆ. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಹೇಳುವುದು ಅವುಗಳ ವೈಶಿಷ್ಟ್ಯ. ನನ್ನ ಮೊದಲ ಪುಟ, ಹಾವೇರಿ–ರಾಣೆಬೆನ್ನೂರು ಬಸ್ಸಿನಲ್ಲಿ ಯಾವ ಹೊತ್ತಿಗೆ ಯಾವ ಕಡೆಯ ಕಿಟಕಿಗೆ ಬಿಸಿಲು ಬೀಳುತ್ತದೆ ಎಂದು ಹೇಳುತ್ತಿತ್ತು. ಸೂರ್ಯನ ಗತಿ, ರಸ್ತೆಯ ದಿಕ್ಕು, ಋತುಮಾನ ಎಲ್ಲವನ್ನೂ ತಿಂಗಳುಗಟ್ಟಲೆ ಗಣಿಸಿ ಕಂಡುಕೊಂಡ ಸತ್ಯವೇನೆಂದರೆ, ಬೆಳಗ್ಗೆ ಹೋಗುವಾಗಲೂ ಎಡಕ್ಕೇ ಬಿಸಿಲು, ಸಂಜೆ ಬರುವಾಗಲೂ ಎಡಕ್ಕೇ ಬಿಸಿಲು. ಇದು ಕಂಡಕ್ಟರಿಗೆ ಮೊದಲೇ ಗೊತ್ತಿತ್ತು. ಕುಪ್ಪೇಲೂರಿನ ಬಸ್ಸಿಗೂ ಈ ಲೆಕ್ಕವನ್ನು ವಿಸ್ತರಿಸಬೇಕೆಂದಿದ್ದಾಗ, ರಾಣೆಬೆನ್ನೂರಿನಲ್ಲಿ ಸಂಸಾರ ಹೂಡಿರುವ ಅಕ್ಕನ ಮಗಳು ವೀಣಾ, ನಿಮ್ಮ ಪುಟ ಸೀಟು ಸಿಗುತ್ತದೆ ಅಂತ ಹಿಡಿದುಕೊಂಡೇ ಲೆಕ್ಕ ಮಾಡುತ್ತದಲ್ಲ ಮಾಮಾ ಎಂದು ವಿನಯಪೂರ್ವಕವಾಗಿ ಕೇಳಿ ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದಳು.

ಆದರೂ ಇಂಥ ಪುಟಗಳನ್ನು ಕಂಡು ಸಂತೋಷಪಡುವ ಜನ ಲೋಕದಲ್ಲಿದ್ದಾರೆ. ಮನೆಯಲ್ಲಿ ಕೂತು ಕೈಯಾರೆ ಪುಟ ಕಟ್ಟುವವರ ಒಂದು ಬಳಗ ಅಂತರ್ಜಾಲದಲ್ಲಿದೆ. ನಾನಾ ದೇಶದವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಪ್ರತಿ ಶನಿವಾರ ಯಾರಾದರೂ ತಾವು ಮಾಡಿದ್ದನ್ನು ಅಲ್ಲಿ ಇಡಬೇಕು. ನೋಡಿದವರು ಒಂದು ಮೆಚ್ಚುಗೆ ಹೇಳಬೇಕು, ಒಂದು ತಪ್ಪು ತೋರಿಸಬೇಕು. ಬರೀ ಮೆಚ್ಚುವಂತಿಲ್ಲ, ಬರೀ ಬೈಯುವಂತಿಲ್ಲ. ನಮ್ಮ ಮದುವೆ ಮನೆಗಳ ಪಂಕ್ತಿಯಲ್ಲಿ ಈ ನಿಯಮ ಜಾರಿಗೆ ಬಂದರೆ ಎಷ್ಟೋ ಬೀಗರ ಸಂಬಂಧ ಉಳಿದೀತು ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ.

ಆ ಬಳಗಕ್ಕೆ ಕಳೆದ ವರ್ಷ ನಾನಿಟ್ಟ ಪುಟದ ಹೆಸರು ‘ಅವ್ವನ ಖಾರ’. ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ಅವಳ ಖಾರದ ಅಳತೆ ಎಲ್ಲಿಯೂ ಬರೆದಿಟ್ಟದ್ದಲ್ಲ, ಬಾಯಲ್ಲಿ ಇತ್ತು. ಕಿಲೋ ಮೆಣಸಿನಕಾಯಿಗೆ ಒಂದು ಹಿಡಿ ಮೆಂತ್ಯ, ಎರಡು ಹಿಡಿ ಜೀರಿಗೆ, ನಾಲ್ಕು ಬೊಗಸೆ ಹವೀಜ, ಎಂದರೆ ಕೊತ್ತಂಬರಿ ಕಾಳು, ಹೀಗೆ. ಮನೆಯಲ್ಲಿ ಎಷ್ಟು ಜನ ಎಂದು ಒತ್ತಿದರೆ ವರ್ಷಕ್ಕೆ ಬೇಕಾದ ಪ್ರತಿ ಜಿನಸನ್ನೂ ಗ್ರಾಮಿನ ಲೆಕ್ಕದಲ್ಲಿ ಹೇಳುವಂತೆ ಪುಟ ಕಟ್ಟಿದೆ. ಸಮಸ್ಯೆಯಿದ್ದದ್ದು ಒಂದೇ. ಹಿಡಿ ಎಂದರೆ ಎಷ್ಟು ಗ್ರಾಮು?

ಅದನ್ನು ನಾನು ವೈಜ್ಞಾನಿಕವಾಗಿ ಬಗೆಹರಿಸಿದೆ. ಚಿಕ್ಕಂದಿನಲ್ಲಿ ಅವ್ವ ನನ್ನ ಮುಖ ತೊಳೆಯುವಾಗ ಅವಳ ಒಂದೇ ಅಂಗೈ ನನ್ನ ಹಣೆಯಿಂದ ಗದ್ದದವರೆಗೆ ಇಡೀ ಮುಖ ಮುಚ್ಚುತ್ತಿತ್ತು, ಉಸಿರು ಕಟ್ಟುತ್ತಿತ್ತು, ಇದು ನನ್ನ ಅತ್ಯಂತ ಸ್ಪಷ್ಟವಾದ ನೆನಪು. ಇವತ್ತು ನನ್ನ ಅಂಗೈಯನ್ನು ನನ್ನ ಮುಖಕ್ಕೆ ಇಟ್ಟುಕೊಂಡರೆ ಅದು ಹಣೆಯಿಂದ ಗದ್ದದವರೆಗೆ ಹೇಗೋ ಮುಟ್ಟುತ್ತದೆ. ಆದ್ದರಿಂದ ಅವ್ವನ ಕೈ ಕಡಿಮೆಯೆಂದರೂ ನನ್ನ ಕೈಯಷ್ಟು ದೊಡ್ಡದು. ನಾನು ಮೂರು ಸಲ ಮುಷ್ಟಿ ತುಂಬ ಮೆಂತ್ಯ ಹಿಡಿದು, ಅಡಿಗೆಮನೆಯ ತೂಕದ ಯಂತ್ರದಲ್ಲಿಟ್ಟು, ಸರಾಸರಿ ತೆಗೆದು ಪುಟಕ್ಕೆ ಸೇರಿಸಿದೆ. ಈ ತರ್ಕದಲ್ಲಿ ತಪ್ಪೆಲ್ಲಿದೆ ಎಂದು ನೀವು ಆಗಲೇ ಕಂಡುಹಿಡಿದಿದ್ದರೆ ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ನನಗೆ ಒಂದು ವರ್ಷ ಬೇಕಾಯಿತು.

ಬಳಗದವರು ಮೆಚ್ಚಿದರು. ಕೆಂಪು ಬಣ್ಣ ಚೆನ್ನಾಗಿದೆ ಎಂದರು, ಅಂಕಿ ಬದಲಾದಂತೆ ಮೆಣಸಿನಕಾಯಿಯ ರಾಶಿ ಏರುವುದು ಸೊಗಸಾಗಿದೆ ಎಂದರು. ತಪ್ಪು ತೋರಿಸುವ ಸರದಿ ಬಂದಾಗ ಯಾವುದೋ ಚಳಿ ದೇಶದ ಹೆಂಗಸೊಬ್ಬಳು, ಕಾಲಿನ ಅಳತೆ ಕೊಟ್ಟರೆ ಕಾಲುಚೀಲಕ್ಕೆ ಎಷ್ಟು ಉಣ್ಣೆ ಬೇಕೆಂದು ಹೇಳುವ ಪುಟ ಮಾಡಿದವಳು, ಒಂದೇ ಸಾಲು ಬರೆದಿದ್ದಳು: ಈ ಹಿಡಿ ಯಾರದೆಂದು ಪುಟ ಹೇಳುವುದಿಲ್ಲ. ನಾನು ಅದಕ್ಕೆ ಚಮತ್ಕಾರದ ಉತ್ತರವನ್ನೇನೋ ಕೊಟ್ಟೆ. ಏನೆಂದು ಈಗ ನೆನಪಿಲ್ಲ. ಆ ದಿನ ನನಗೆ ಅದು ಬಹಳ ಹಿಡಿಸಿತ್ತೆಂಬುದಷ್ಟೇ ನೆನಪು.

ಇನ್ನು ಗಿರಿಜಕ್ಕನ ವಿಷಯ. ಅವಳ ಗಂಡ, ನಮ್ಮ ಭಾವ, ಮೆಣಸಿನಕಾಯಿಯ ವ್ಯಾಪಾರದವರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಅದು ಎಷ್ಟು ಒಣಗಿದೆ ಎಂದು ಹೇಳುವವರು. ಅವರು ಆರಿಸಿ ತಂದ ಕಾಯಿಯಿಂದ ಅಕ್ಕ ಪ್ರತಿ ವರ್ಷ ಮೂರು ಮನೆಗೆ ಖಾರ ಮಾಡಿಸುತ್ತಾಳೆ: ಅವಳದು, ವೀಣಾಳದು, ನನ್ನದು. ಅವ್ವನ ಖಾರ ಎಂದರೆ ಈಗ ಅದೇ. ಅವಳು ಮೆಂತ್ಯ ಅಳೆಯುವುದನ್ನು ನೋಡಬೇಕು. ಯಾವುದೋ ಸಾಹೇಬರ ಮನೆಯಲ್ಲಿ ಚಹಾ ಕುಡಿಯುವವರ ಹಾಗೆ ಕಿರಿಬೆರಳನ್ನು ಎತ್ತಿ ಹಿಡಿದಿರುತ್ತಾಳೆ. ಆ ಠೀವಿಗೆ ನಾನು ಬಹಳ ಸಲ ನಕ್ಕಿದ್ದೇನೆ.

ಈ ವರ್ಷ ಸರಿಯಾಗಿ ಖಾರದ ಹೊತ್ತಿಗೆ ಅಕ್ಕ ಬಸ್ಸಿನಿಂದ ಇಳಿಯುವಾಗ ಜಾರಿಬಿದ್ದು ಬಲಗೈಯ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಎಡಗೈಯಿಂದ ಅಳೆಯಲು ನೋಡಿ, ಈ ಕೈಗೆ ಏನೂ ಗೊತ್ತಿಲ್ಲ ಎಂದು ಕೈಬಿಟ್ಟಳು. ಆಗ ವೀಣಾ, ಮಾಮಾನ ಪುಟ ಇದೆಯಲ್ಲ, ನೀನು ಬ್ಯಾಡಗಿಯಲ್ಲೇ ಸುಮ್ಮನೆ ಕೂಡು, ಕಾಯಿ ಕಳಿಸು ಎಂದಳು. ಭಾವ ನಾಲ್ಕು ಕಿಲೋ ಕಾಯಿ ರಾಣೆಬೆನ್ನೂರಿಗೆ ಒಯ್ದರು. ವೀಣಾ ಮೊಬೈಲು ನೋಡಿ ನೋಡಿ ಒಂದೊಂದು ಗ್ರಾಮನ್ನೂ ತೂಗಿ, ಗಿರಣಿಯಲ್ಲಿ ಕುಟ್ಟಿಸಿ, ಮೂರು ಮನೆಗೂ ಹಂಚಿದಳು. ನಾನು ಆ ದಿನ ಬಳಗದವರಿಗೆ, ನನ್ನ ಪುಟದಿಂದ ಮೊದಲ ಬಾರಿಗೆ ನಿಜವಾದ ಖಾರ ತಯಾರಾಯಿತು ಎಂದು ಬರೆದೆ. ಚಪ್ಪಾಳೆಯ ಚಿತ್ರಗಳು ಬಂದವು.

ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೊಸ ಖಾರ. ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ ಅಕ್ಕ ಎರಡನೆಯ ತುತ್ತಿಗೆ ಚಮಚ ಕೆಳಗಿಟ್ಟಳು. ಎದ್ದು ಒಳಗೆ ಹೋದಳು. ಖಾರದ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಭಾವ ಯಾರ ಮುಖವನ್ನೂ ನೋಡದೆ ಬೆಲ್ಲ ಕೇಳಿದರು. ಮೆಣಸಿನಕಾಯಿಯನ್ನು ಕಿಲೋ ಲೆಕ್ಕದಲ್ಲಿ ತೂಗಿದ್ದರಿಂದ ಅದು ಇದ್ದಷ್ಟೇ ಇತ್ತು. ಮುಷ್ಟಿಯ ಲೆಕ್ಕದ್ದೆಲ್ಲ ಮಿತಿಮೀರಿತ್ತು. ಹವೀಜ ಹೆಚ್ಚಾದರೆ ಕ್ಷಮಿಸುತ್ತದೆ. ಮೆಂತ್ಯ ಕ್ಷಮಿಸುವುದಿಲ್ಲ. ಕಹಿ ನಾಲಿಗೆಯ ತುದಿಯಿಂದ ಹೊರಟು ಗಂಟಲಲ್ಲಿ ಠಾಣೆ ಹೂಡಿತ್ತು.

ಅಕ್ಕ ಹೊರಗೆ ಬಂದು ನನ್ನ ಎದುರಿಗೆ ಕೂತಳು. ಬೈಯುತ್ತಾಳೆಂದು ನಾನು ಸಿದ್ಧನಾಗಿದ್ದೆ.

“ಕಹಿ ಆಗಿದ್ದಕ್ಕ ನಂಗ ಸಿಟ್ಟಿಲ್ಲ,” ಎಂದಳು. “ಖಾರ ಮತ್ತ ಮಾಡಸಬಹುದು. ಆದ್ರ ಇದರ ಮ್ಯಾಲ ಅವ್ವನ ಹೆಸರು ಹಾಕಿ ಊರ ಮಂದಿಗೆಲ್ಲಾ ತೋರ್ಸೀಯಲ್ಲ, ಆ ಹೆಸರು ತಗಿ. ಆಕಿ ಒಂದು ದಿನಾನೂ ಕಹಿ ಖಾರ ಮಾಡಿದಾಕಿ ಅಲ್ಲ.”

ತೆಗೆಯುತ್ತೇನೆ ಎಂದು ಹೇಳಿ ಸುಮ್ಮನಿರಬಹುದಿತ್ತು. ಆದರೆ ಓದಿದವನಿಗೆ ಸುಮ್ಮನಿರುವುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಅಳತೆ ಸರಿಯಿದೆ, ಮೆಂತ್ಯವೇ ಕಹಿ ಜಾತಿಯದಿರಬೇಕು ಎಂದು ವಾದಿಸಿದೆ. ಮುಖ ತೊಳೆಯುವ ಪ್ರಸಂಗವನ್ನು ಸಾಕ್ಷ್ಯವಾಗಿ ಮುಂದಿಟ್ಟೆ. ಅವ್ವನ ಅಂಗೈ ಹಣೆಯಿಂದ ಗದ್ದದವರೆಗೆ ಮುಚ್ಚುತ್ತಿತ್ತೆಂದು ನನ್ನ ಕೈಯಿಂದಲೇ ಮುಖ ಮುಚ್ಚಿ ತೋರಿಸಿದೆ. ಅಕ್ಕ ಕೇಳಿಸಿಕೊಂಡಳು. ಅವಳ ಸಿಟ್ಟು ಇಳಿದು ಬೇರೇನೋ ಆದದ್ದು ಕಂಡಿತು.

“ಅವ್ವನ ಕೈ ದೊಡ್ಡದಿರಲಿಲ್ಲೋ ತಮ್ಮಾ,” ಎಂದಳು. “ನಿನ್ನ ಮಾರಿ ಸಣ್ಣದಿತ್ತು.”

ವೀಣಾ ನಗು ತಡೆಯಲು ನೀರು ಕುಡಿಯಹೋಗಿ ನೆತ್ತಿಗೇರಿಸಿಕೊಂಡಳು. ನಾನು ಆ ಸಂಜೆ ಹಾವೇರಿಯ ಬಸ್ಸಿನಲ್ಲಿ, ನನ್ನದೇ ಸಂಶೋಧನೆಗೆ ವಿರುದ್ಧವಾಗಿ ಎಡಗಡೆಯ ಸೀಟಿನಲ್ಲಿ ಬಿಸಿಲಿಗೆ ಕೂತು, ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನು ಯೋಚಿಸಿದೆ. ಅಳೆಯುವವನು ಎಲ್ಲಿ ನಿಂತು ಅಳೆಯುತ್ತಾನೆಂಬುದನ್ನು ಮೊದಲು ಬರೆದುಕೊಳ್ಳಿ ಎಂದು ಪ್ರತಿ ವರ್ಷ ಮೊದಲ ದಿನವೇ ಹೇಳುತ್ತೇನೆ. ನಾನು ನಿಂತದ್ದು ಬಚ್ಚಲಿನ ಕಲ್ಲಿನ ಮೇಲೆ, ಕಣ್ಣಿಗೆ ಸಾಬೂನು ಹೋಗಿ ಅಳುತ್ತ.

ಮನೆಗೆ ಬಂದು ಪುಟದ ಹೆಸರು ತೆಗೆದೆ. ‘ಖಾರ’ ಎಂಬ ಒಂದೇ ಮಾತು ಉಳಿಯಿತು. ಅಂಗಡಿಯ ಪಾಕೀಟಿನ ಮೇಲಿನ ಹೆಸರಿನ ಹಾಗೆ ಕಂಡಿತು. ಶನಿವಾರ ಬಳಗಕ್ಕೆ ಎಲ್ಲವನ್ನೂ ಒಪ್ಪಿಕೊಂಡು ಬರೆದೆ. ಅಕ್ಕ ಹೇಳಿದ್ದು ಸರಿಯಿರಬಹುದು, ಆದರೆ ಅದೂ ಒಂದು ನೆನಪೇ, ನನ್ನದರಷ್ಟೇ ಸಂಶಯಾಸ್ಪದ ಎಂದು ಕೊನೆಗೊಂದು ಕೊಕ್ಕೆಯನ್ನೂ ಸೇರಿಸಿದೆ. ಕಾಲುಚೀಲದ ಹೆಂಗಸು, ನಾನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ತನ್ನ ತಾಯಿಯ ಪಾದದ ಅಳತೆಯನ್ನು ತಾನು ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಹಳೆಯ ಕಾಲುಚೀಲದಿಂದ ತೆಗೆದೆನೆಂದು ಬರೆದು, ನಿಮ್ಮ ತಾಯಿ ಕೈಗೆ ಹಾಕಿಕೊಳ್ಳುತ್ತಿದ್ದದ್ದೇನಾದರೂ ಉಳಿದಿದೆಯೇ ಎಂದು ಕೇಳಿದಳು.

ಉಳಿದಿತ್ತು. ಅವ್ವನ ಒಂದು ಪಾಟಲಿ, ಎಂದರೆ ಬಂಗಾರದ ಬಳೆ, ಅಕ್ಕನ ಹತ್ತಿರವಿತ್ತು.

ಅಕ್ಕನ ಪ್ಲಾಸ್ಟರ್ ತೆಗೆದ ಮೇಲೆ ಬ್ಯಾಡಗಿಗೆ ಹೋದೆ. ಪಾಟಲಿ ತೋರಿಸು ಎಂದಾಗ ಯಾಕೆಂದು ಅವಳು ಕೇಳಲಿಲ್ಲ. ಕಪಾಟಿನಿಂದ ತಂದು ಕೈಯಲ್ಲಿಟ್ಟಳು. ನನ್ನ ನೆನಪಿನ ಅವ್ವನ ಮೂರು ಬೆರಳೂ ಅದರಲ್ಲಿ ಹಿಡಿಯುವಂತಿರಲಿಲ್ಲ. ಇದನ್ನು ನೀನು ಯಾಕೆ ಹಾಕಿಕೊಳ್ಳುವುದಿಲ್ಲ ಎಂದೆ. ಮದುವೆಯ ಕಾಲದಿಂದ ಸಾಬೂನು, ಎಣ್ಣೆ ಎಲ್ಲ ಹಚ್ಚಿ ನೋಡಿದ್ದಾಯಿತು, ಗೆಣ್ಣು ದಾಟುವುದಿಲ್ಲ ಎಂದಳು. ಸಂಶಯವಾದಿ ನನ್ನೊಳಗೆ ತಟ್ಟನೆ ಎದ್ದು ಕೂತ. ಹಾಗಾದರೆ ನಿನ್ನ ಕೈ ಅವ್ವನದಕ್ಕಿಂತ ದೊಡ್ಡದು, ನಿನ್ನ ಹಿಡಿಯೂ ದೊಡ್ಡದು, ಇಷ್ಟು ವರ್ಷ ನೀನು ಮಾಡಿದ ಖಾರವೂ ಕಹಿಯಾಗಬೇಕಿತ್ತಲ್ಲ ಎಂದು ಗೆದ್ದವನ ಹಾಗೆ ಕೇಳಿದೆ.

ಅಕ್ಕ ಮೆಂತ್ಯದ ಡಬ್ಬಿ ತರಿಸಿದಳು. ವಾರಗಟ್ಟಲೆ ಕಟ್ಟಿನಲ್ಲಿದ್ದು ಸೊರಗಿದ ಬಲಗೈಯನ್ನು ಅದರೊಳಗೆ ಇಳಿಸಿ ಮುಷ್ಟಿ ತುಂಬ ಹಿಡಿದು ಮೇಲೆತ್ತಿದಳು. ಆಮೇಲೆ, ನಾನು ಚಹಾದ ಠೀವಿ ಎಂದು ನಗುತ್ತಿದ್ದೆನಲ್ಲ, ಆ ಕಿರಿಬೆರಳನ್ನು ಮೆಲ್ಲಗೆ ಬಿಡಿಸಿದಳು. ಸುರ್ರೆಂದು ಒಂದಷ್ಟು ಕಾಳು ಡಬ್ಬಿಗೆ ವಾಪಸು ಬಿದ್ದವು.

“ಇಷ್ಟ ನೋಡು ಅವ್ವನ ಹಿಡಿ,” ಎಂದಳು. “ನನ್ನ ಕೈ ದೊಡ್ಡದಾಗಾಕತ್ತಿದ್ದು ನೋಡಿ, ಬೆರಳು ಬಿಡೂದು ಆಕೀನ ಕಲಿಸಿದ್ದು. ನೀ ಅಲ್ಲೇ ಕುಂತಿದ್ದಿ. ಬೆಕ್ಕು ನೋಡಾಕತ್ತಿದ್ದಿ ಕಾಣ್ತದ.”

ಉಳಿದ ಕಾಳನ್ನು ತೂಗಿದೆವು. ನನ್ನ ವೈಜ್ಞಾನಿಕ ಸರಾಸರಿಯ ಅರ್ಧಕ್ಕಿಂತ ಒಂಚೂರು ಹೆಚ್ಚು.

ಆ ಹೊತ್ತಿಗೆ ಭಾವ ಇನ್ನೂ ನಾಲ್ಕು ಕಿಲೋ ಕಾಯಿ ಮೆಂತ್ಯವಿಲ್ಲದೆ ಕುಟ್ಟಿಸಿ ಕಹಿ ಖಾರಕ್ಕೆ ಬೆರೆಸಿ ಅದನ್ನು ದಾರಿಗೆ ತಂದಿದ್ದರು. ಮೂರು ಮನೆಯ ಖಾರ ಆರು ಮನೆಯದಾಯಿತು. ಓಣಿಯವರಿಗೆ ಕೊಡುವಾಗ ಅಕ್ಕ, ಇದು ನಮ್ಮ ತಮ್ಮನ ಕಂಪ್ಯೂಟರ್ ಖಾರ, ನೋಡಿಕೊಂಡು ಹಾಕ್ರಿ ಎಂದು ಹೇಳುವುದನ್ನು ತಪ್ಪಿಸುವುದಿಲ್ಲ. ಪುಟವನ್ನು ತಿದ್ದಿದ್ದೇನೆ. ಈಗ ಅದು ಮೊದಲು ನಿಮ್ಮ ಕೈಗೆ ಯಾವ ಅಳತೆಯ ಬಳೆ ಹತ್ತುತ್ತದೆ ಎಂದು ಕೇಳುತ್ತದೆ. ಆಮೇಲೆ ಕಿರಿಬೆರಳನ್ನು ಎಷ್ಟು ಬಿಡಿಸಬೇಕೆಂದು ಒಂದು ಚಿತ್ರ ತೋರಿಸುತ್ತದೆ. ಚಿತ್ರದಲ್ಲಿರುವುದು ಅಕ್ಕನ ಕೈ. ಅವಳು ಮೊಬೈಲನ್ನು ದೂರ ಹಿಡಿದು ಪೂರ್ತಿ ನೋಡಿ, “ಈಗ ಹಾಕು ಹೆಸರು,” ಎಂದಳು. ಹಾಕಿದೆ.

ಬೆಕ್ಕಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಅದು ಬೇಸಿಗೆಯೇ, ಪಡಸಾಲೆಯೇ ಎಂಬುದನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಕಾಲೇಜಿನ ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ ತಂದು ಅವ್ವನ ಪಾಟಲಿಯ ಒಳವ್ಯಾಸವನ್ನು ಮೂರು ಸಲ ಅಳೆದಿದ್ದೇನೆ. ಐವತ್ನಾಲ್ಕು ಮಿಲಿಮೀಟರು.