ಇಬ್ಬನಿ ಬೇಕೆನ್ನುವ ಮಾವ, ಬೇಡವೆನ್ನುವ ಭಾವ

ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನದು ಪರವೂರಿನ ಚಳಿಯ ಚಟ. ಯಾರಾದರೂ ನನ್ನೆದುರು ಕೂತು "ಈ ಸಲ ಥಂಡಿ ಭಾಳ ಐತ್ರಿ ಮಾಸ್ತರ" ಎಂದರೆ ಸಾಕು, ಶ್ರೀನಗರದಲ್ಲಿ ನಳದೊಳಗೇ ನೀರು ಹೆಪ್ಪುಗಟ್ಟಿರುವ ಸಂಗತಿಯನ್ನು ಅವರ ಮುಂದಿಡುತ್ತೇನೆ. "ಥಂಡೀನ ಇಲ್ರಿ" ಎಂದವರಿಗೆ, ಮದರಾಸಿನಲ್ಲಿ ಪುಷ್ಯಮಾಸದಲ್ಲೂ ಜನ ಬೀಸಣಿಕೆ ಕೆಳಗಿಟ್ಟಿಲ್ಲವೆಂದು ತಿಳಿಸುತ್ತೇನೆ. ಇಬ್ಬರೂ ಸಮಾಧಾನಗೊಂಡು ಎದ್ದು ಹೋಗುತ್ತಿದ್ದರೆಂದು ಬಹಳ ವರ್ಷ ನಂಬಿದ್ದೆ. ಎದ್ದು ಹೋಗುತ್ತಿದ್ದುದಂತೂ ನಿಜ.

ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತಿದ್ದವನು. ಭೂಗೋಳದ ಮಾಸ್ತರನಿಗೆ ಜಗತ್ತೆಲ್ಲ ತನ್ನದೇ ಎಂಬ ಭ್ರಮೆ ಇರುತ್ತದೆ. ಅವನ ಸ್ವಂತ ಹೊಲ ಇರುವುದು ಕಡಿಮೆ. ಸಂಜೆ ರೇಡಿಯೊದ ವಾರ್ತೆಗಳ ಕೊನೆಗೆ ಹವಾಮಾನ ಬಂತೆಂದರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡಕೂಡದು. ಪಡಸಾಲೆಯ ಗೋಡೆಗೆ ಭಾರತದ ಒಂದು ಹಳೆಯ ನಕಾಶೆ ತೂಗುಹಾಕಿದ್ದೆ. ಅದನ್ನು ಅಚ್ಚುಹಾಕಿದವರು ಚಿಕ್ಕೋಡಿಯನ್ನು ಮರೆತಿದ್ದರು. ಆ ಅನ್ಯಾಯವನ್ನು ಸರಿಪಡಿಸಲು ನಾನೇ ಶಾಯಿಯಿಂದ ಒಂದು ಚುಕ್ಕೆ ಇಟ್ಟೆ. ಕಾಗದ ಶಾಯಿ ಹೀರುವ ಜಾತಿಯದು. ಚುಕ್ಕೆ ಹರಡಿ ನಿಪ್ಪಾಣಿ, ರಾಯಬಾಗ, ಅಥಣಿಗಳನ್ನು ನುಂಗಿ, ಕೊಲ್ಲಾಪುರಕ್ಕೂ ಸ್ವಲ್ಪ ತಾಗಿ ನಿಂತಿತು. ಚಿಕ್ಕೋಡಿಗೆ ಇಷ್ಟು ವಿಸ್ತಾರದ ಸಾಮ್ರಾಜ್ಯ ಅದಕ್ಕೂ ಮೊದಲು ದಕ್ಕಿದ್ದಿಲ್ಲ.

ಪಂಚಾಂಗದವರು ಹೇಮಂತ, ಶಿಶಿರ ಎಂದು ಎರಡು ಋತು ಹೇಳಿ ಕೈತೊಳೆದುಕೊಂಡರು. ನನ್ನ ಮಟ್ಟಿಗೆ, ಬೆಳೆ ಎಷ್ಟೋ ಚಳಿಗಾಲ ಅಷ್ಟು. ಪಂಜಾಬಿನ ಗೋಧಿಗೆ ಗಡಗಡ ನಡುಗುವ ಚಳಿ ಬೇಕಂತೆ. ನಮ್ಮ ಉಗಾರ ಖುರ್ದದ ಕಬ್ಬಿನವರು ಚಳಿ ಬಿದ್ದಷ್ಟೂ ಕಬ್ಬು ಸಿಹಿಯಾಗುತ್ತದೆಂದು ಕಂಬಳಿಯೊಳಗೇ ನಗುತ್ತಾರೆ. ಅದೇ ಚಳಿಗೆ ದಿಗ್ಗೇವಾಡಿಯ ಕುರಿಯವರು ಹುಟ್ಟಿದ ಮರಿಗಳನ್ನು ಎದೆಗೆ ಅವುಚಿಕೊಂಡು ಬಯ್ಯುತ್ತಾರೆ. ಮೇಲಿರುವವನು ಒಬ್ಬ, ಅರ್ಜಿಗಳು ಸಾವಿರ. ಅದೂ ಒಂದಕ್ಕೊಂದು ವಿರುದ್ಧ.

ಆ ವಿರುದ್ಧವಾದ ಅರ್ಜಿಗಳಲ್ಲಿ ಎರಡು ನನ್ನ ಮನೆಯಿಂದಲೇ ಹೋಗುತ್ತಿದ್ದವು.

ನನ್ನ ಹೆಂಡತಿಯ ತವರು ನಿಪ್ಪಾಣಿ. ಮಾವನವರದು ತಂಬಾಕಿನ ಹೊಲ. ತಂಬಾಕನ್ನು ಕೊಯ್ದು ಹೊಲದಲ್ಲೇ ಹರವಿ ಒಣಗಿಸುತ್ತಾರೆ. ಒಣಗಿದ ಎಲೆಯನ್ನು ಹಾಗೆಯೇ ಮುಟ್ಟಿದರೆ ಹಪ್ಪಳದಂತೆ ಪುಡಿಪುಡಿ. ಆದ್ದರಿಂದ ಒಳ್ಳೆಯ ಇಬ್ಬನಿ ಬಿದ್ದ ಬೆಳಗು ನೋಡಿ, ಎಲೆ ಮೆತ್ತಗಾಗಿರುವಾಗಲೇ ಎತ್ತಿ ಒಟ್ಟಬೇಕು. ಇಬ್ಬನಿ ಇಲ್ಲದ ಚಳಿಗಾಲ ಮಾವನವರ ಪಾಲಿಗೆ ಚಳಿಗಾಲವೇ ಅಲ್ಲ.

ನನ್ನ ಅಕ್ಕನನ್ನು ಕೊಟ್ಟದ್ದು ಅಥಣಿ ಮತ್ತು ಕಾಗವಾಡದ ನಡುವಿನ ಒಂದು ಊರಿಗೆ. ಭಾವನವರು ಅಣ್ಣಂದಿರ ಮಾತು ಮೀರಿ, ತಲೆಮಾರುಗಳಿಂದ ಜೋಳ ಬೆಳೆದ ಹೊಲದಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು ದ್ರಾಕ್ಷಿ ಹಬ್ಬಿಸಿದರು. ದ್ರಾಕ್ಷಿಗೆ ಇಬ್ಬನಿ ಎಂದರೆ ರೋಗದ ಆಮಂತ್ರಣ. ಮಂಜು ಬಿದ್ದ ಬೆಳಗಿನಲ್ಲಿ ಅಕ್ಕ, ಭಾವ ಇಬ್ಬರೂ ಸಾಲುಸಾಲಾಗಿ ನಡೆದು ತಂತಿ ಅಲುಗಿಸಿ, ಬಳ್ಳಿಯ ಮೇಲಿನ ಹನಿ ಉದುರಿಸುತ್ತಿದ್ದರು. ನಿಪ್ಪಾಣಿಯವರು ಕೈಮುಗಿದು ಬೇಡಿಕೊಂಡ ಇಬ್ಬನಿಯನ್ನು ಅಥಣಿಯವರು ಹೀಗೆ ಒದರಿ ಚೆಲ್ಲುತ್ತಿದ್ದರು.

ನನ್ನ ಮಗನ ತೊಟ್ಟಿಲ ಕಾರ್ಯಕ್ಕೆ ಇಬ್ಬರೂ ಬಂದಿದ್ದರು. ಊಟಕ್ಕೆ ಕೂತಾಗ ಮಾವನವರು, "ಈ ವರ್ಷ ದೇವರ ದಯಾ, ಇಬ್ಬನಿ ಬರೋಬರ ಬೀಳಾಕತ್ತೈತಿ" ಎಂದರು.

ಹೋಳಿಗೆ ಮುರಿಯುತ್ತಿದ್ದ ಭಾವನವರು ತಲೆ ಎತ್ತದೆ, "ಜನಾ ಕೆಮ್ಮೂ ವಸ್ತುಕ್ಕ ದೇವರ ದಯಾ ಬ್ಯಾರೆ ಬೇಕೇನ್ರಿ?" ಎಂದರು.

"ನಮ್ಮ ಎಲಿ ನೂರೈವತ್ತ ವರ್ಷದಿಂದ ಬೆಳೀತೈತಿ. ನಿಮ್ಮ ಬಳ್ಳಿ ಇನ್ನಾ ಕಾಯಿ ಕಚ್ಚಬೇಕಾಗೇತಿ. ಅಲ್ಲೀತನಾ ತಂತಿ ಮ್ಯಾಲ ಅರಬಿ ಒಣಹಾಕ್ರಿ" ಎಂದರು ಮಾವನವರು.

ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ಇಬ್ಬರೂ ನನ್ನ ಮನೆಗೆ ಬೇರೆಬೇರೆ ದಿನ ಬಂದು ಆಕಾಶವನ್ನು ಬಯ್ದು ಹೋಗುತ್ತಿದ್ದರು. ನಾನು ಇಬ್ಬರಿಗೂ ಶ್ರೀನಗರ ಹೇಳುತ್ತಿದ್ದೆ. ಭಾವನವರು ಒಮ್ಮೆ ಬೇಸತ್ತು, "ಶ್ರೀನಗರದಾಗ ನಂದೇನ್ ಹೊಲಾ ಐತೇನ್ರಿ ಮಾಸ್ತರ?" ಎಂದು ಕೇಳಿದ್ದುಂಟು. ಪ್ರಶ್ನೆ ಪಠ್ಯಕ್ರಮದ ಹೊರಗಿನದಾಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ವಿಚಿತ್ರ ಚಳಿಗಾಲ ಬಂತು. ದಿಲ್ಲಿಯಲ್ಲಿ ಮಂಜಿಗೆ ರೈಲುಗಳು ನಿಂತವು, ಮದರಾಸಿನಲ್ಲಿ ಅಕಾಲದ ಮಳೆ, ನಮ್ಮಲ್ಲಿ ಮಾತ್ರ ಚಳಿಯೇ ಇಲ್ಲ. ಸಂಕ್ರಾಂತಿಯ ಎಳ್ಳು ಹಂಚುವಾಗಲೇ ಜನ ಬೆವರು ಒರೆಸಿಕೊಂಡರು. ಆಮೇಲೆ ಮೋಡ ಬಂದು ಕೂತಿತು; ಹನಿಯುವುದಿಲ್ಲ, ಎದ್ದು ಹೋಗುವುದೂ ಇಲ್ಲ, ನೆಂಟಸ್ತಿಕೆಗೆ ಬಂದ ದೂರದ ಸಂಬಂಧಿಯ ಹಾಗೆ. ಮೋಡವಿದ್ದರೆ ಇಬ್ಬನಿ ಬೀಳದು. ಹೀಗಾಗಿ ನಿಪ್ಪಾಣಿಯಲ್ಲಿ ಎಲೆ ಎತ್ತುವಂತಿಲ್ಲ. ಮಳೆ ಬಿದ್ದರೆ ಹಣ್ಣು ಬಿರಿಯುವುದರಿಂದ ಅಥಣಿಯಲ್ಲಿ ನಿದ್ದೆ ಮಾಡುವಂತಿಲ್ಲ. ಮಾವ, ಭಾವ ಇಬ್ಬರ ಅರ್ಜಿಯೂ ಮೊದಲ ಸಲ ಒಂದೇ ಆಗಿತ್ತು: ಮೋಡ ಸರಿಯಲಿ. ಆದರೆ ಅವರಿಗೆ ಅದು ಗೊತ್ತಿರಲಿಲ್ಲ, ಮಾತಿರಲಿಲ್ಲವಲ್ಲ.

ಭಾವನವರ ತೋಟದಲ್ಲಿ ಅದು ಮೊದಲ ಫಲ. ಹಣ್ಣಿಗೆ ಬಣ್ಣ ಬಂದಿತ್ತು, ಸಿಹಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಈ ಫಲ ಕೈಕೊಟ್ಟರೆ ಕಂಬ ಕಿತ್ತು ಮತ್ತೆ ಜೋಳ ಬಿತ್ತುವುದೆಂದು ಅಣ್ಣಂದಿರು ತೀರ್ಮಾನಿಸಿಬಿಟ್ಟಿದ್ದರು. ಭಾವನವರು ಚಿಕ್ಕೋಡಿಗೆ ಬಂದು ನನ್ನೆದುರು ಕೂತರು. ಮುಖ ಇಳಿದಿತ್ತು.

"ಮಾಸ್ತರ, ಇವತ್ತ ಶ್ರೀನಗರ ಬ್ಯಾಡ. ಕೊಯ್ಯಲ್ಯೋ, ತಡೀಲ್ಯೋ? ಅಷ್ಟ ಹೇಳ್ರಿ."

ಇಷ್ಟು ವರ್ಷಗಳಲ್ಲಿ ಯಾರಾದರೂ ನನ್ನ ವಿದ್ಯೆಯನ್ನು ನಿಜವಾಗಿ ಕೇಳಿದ್ದು ಅದೇ ಮೊದಲು. ನಾನು ಎದ್ದು ಛತ್ರಿಯ ತುದಿಯಿಂದ ನಕಾಶೆಯ ಮೇಲೆ ಬಂಗಾಳಕೊಲ್ಲಿಯನ್ನು ತೋರಿಸಿದೆ. ವಾಯುಭಾರ ಕುಸಿತ ಇಲ್ಲಿದೆ, ಅದು ಆಂಧ್ರದ ಕಡೆ ಹೊರಳುತ್ತದೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಗಂಭೀರವಾಗಿ ವಿವರಿಸಿ, "ಹತ್ತು ದಿನಾ ತಡೀರಿ, ಭಾವಾರ" ಎಂದೆ. ಅವರು ನಂಬಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನು ನೋಡಿದ ರೀತಿ ನನಗೆ ಅಷ್ಟು ಸರಿಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಾವನವರು ಬಂದರು. ಚಪ್ಪಲಿ ಬಿಡುವ ಮೊದಲೇ, "ಮಾಸ್ತರ, ಕೈ ಚಾಚ್ರಿ" ಎಂದರು. ಚಾಚಿದೆ. ಕೋಟಿನ ಕಿಸೆಯಿಂದ ಒಂದು ತಂಬಾಕಿನ ಎಲೆ ತೆಗೆದು ಅಂಗೈಯಲ್ಲಿಟ್ಟರು.

"ಮುಷ್ಟಿ ಕಟ್ರಿ. ಈಗ ಬಿಡ್ರಿ."

ಎಲೆ ಪುಡಿಯಾಗಲಿಲ್ಲ. ಒಗೆದ ಧೋತರದ ತುಂಡಿನಂತೆ ಮೆಲ್ಲಗೆ ಬಿಚ್ಚಿಕೊಂಡಿತು.

"ಇಬ್ಬನಿ ಬಿದ್ದೈತಿ" ಎಂದೆ, ಜಾಣ ವಿದ್ಯಾರ್ಥಿಯಂತೆ.

"ಇಬ್ಬನಿ ಮಾರಿ ನೋಡಿ ಹದಿನೈದ ದಿನಾ ಆತು. ನಿನ್ನಿ ನಡು ಮಧ್ಯಾಹ್ನದಾಗ ಎಲಿ ತಾನ ಮೆತ್ತಗ ಆಗೇತಿ. ಅಂದ್ರ ಗಾಳಿಯೊಳಗ ನೀರ ಬಂದೈತಿ. ಎರಡ-ಮೂರ ದಿನದಾಗ ಮಳಿ. ನಾ ಸಂಜೀತನಾ ಎಲ್ಲಾ ಎತ್ತಿಸಿ ಛಪ್ಪರದಾಗ ಒಟ್ಟೀನಿ. ನಿಮ್ಮ ಭಾವಗ ಹತ್ತ ದಿನಾ ತಡಿ ಅಂದೀರಂತ? ಮಗಳು ಕಾಗದಾ ಬರದಿದ್ಲು."

ಹೆಂಡತಿಯ ನೋಟದ ಅರ್ಥ ಈಗ ಆಯಿತು. ನಾನು ಬಂಗಾಳಕೊಲ್ಲಿಯ ವಿಚಾರ ಎತ್ತಿದೆ. ಮಾವನವರು ನಕಾಶೆಯ ಹತ್ತಿರ ಹೋಗಿ ಕನ್ನಡಕ ಏರಿಸಿ, "ಇದರಾಗ ಅವನ ತ್ವಾಟ ಎಲ್ಲಿ ಐತಿ, ತೋರಸ್ರಿ" ಎಂದರು. ತೋಟ ನನ್ನ ಶಾಯಿಯ ಚುಕ್ಕೆಯ ಕೆಳಗಿತ್ತು.

ಹೊರಗೆ ಒಂದು ಟೆಂಪೊ ನಿಂತಿತ್ತು. ಅದರ ತುಂಬ ಮಾವನವರ ಹೊಲದಲ್ಲಿ ಎಲೆ ಎತ್ತುವ ಹೆಣ್ಣುಮಕ್ಕಳು, ಮಡಿಲಲ್ಲಿ ಬುತ್ತಿಯ ಗಂಟು. "ಮಾವಾರ, ನಿಮಗ ಅವರ ಜೋಡಿ ಮಾತ ಇಲ್ಲಲ್ಲ..." ಎಂದೆ.

"ಅವನ ಜೋಡಿ ಮಾತಿಲ್ಲ. ದ್ರಾಕ್ಷಿ ಜೋಡಿ ನನಗೇನ್ ಜಗಳ? ಹತ್ರಿ."

ರಾಯಬಾಗ, ಕುಡಚಿ ಹಿಂದೆ ಬಿದ್ದವು, ಕೃಷ್ಣೆ ದಾಟಿದೆವು. ಉಗಾರದಲ್ಲಿ ಕಬ್ಬಿನ ಗಾಡಿಗಳ ಸಾಲಿಗೆ ಟೆಂಪೊ ಸಿಕ್ಕಿಕೊಂಡಿತು. ಗಾಡಿಯವನೊಬ್ಬ ಆಕಾಶ ನೋಡಿ, ಈ ಸಲ ಚಳಿ ಇಲ್ಲ, ಕಬ್ಬಿಗೆ ರುಚಿ ಇಲ್ಲ ಎಂದು ಗೊಣಗಿದ. ನನ್ನ ನಾಲಿಗೆಯ ತುದಿಗೆ ಶ್ರೀನಗರ ಬಂತು. ನುಂಗಿಕೊಂಡೆ.

ತೋಟದ ಬದುವಿನ ಮೇಲೆ ಭಾವನವರು ನಿಂತಿದ್ದರು. ಮಾವನವರನ್ನು ಕಂಡು ಬೆರಗಾದರು. ನನ್ನಿಂದ ವಿಷಯ ಕೇಳಿ ಇನ್ನೂ ಗೊಂದಲಕ್ಕೆ ಬಿದ್ದರು. ಪಕ್ಕದಲ್ಲಿದ್ದ ಅಕ್ಕನಿಗೆ, "ತಡೀ ಅಂತ ಮಾಸ್ತರ ಹೇಳ್ಯಾರ" ಎಂದರು. ಟೆಂಪೊದವರೆಲ್ಲ ನನ್ನನ್ನು ನೋಡಿದರು.

"ನಾ ಹೇಳಿದ್ದು ತಪ್ಪು, ಭಾವಾರ. ಕೊಯ್ಸ್ರಿ" ಎಂದೆ. ಇಷ್ಟು ಚಿಕ್ಕ ಪಾಠವನ್ನು ನಾನು ಯಾವ ತರಗತಿಯಲ್ಲೂ ಮಾಡಿರಲಿಲ್ಲ.

"ಹುಳಿ ಹಣ್ಣ ಕೊಯ್ದು, ಆಮ್ಯಾಲ ಮಳಿ ಬರದಿದ್ರ? ಅಣ್ಣಗೋಳು ಸಾಯೂತನಾ ನಗತಾರ."

ಅಕ್ಕ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ನಾವೆಲ್ಲ ಅವಳು ನುಂಗುವವರೆಗೆ ಕಾದೆವು. "ಹುಳಿ ಐತಿ ಖರೆ" ಎಂದಳು. "ಆದ್ರ ಹಣ್ಣು ಐತಿ. ಮಳಿ ಬಿದ್ರ ಇದೂ ಇರಾಂಗಿಲ್ಲ. ನಗೋರು ನಗಲಿ. ಕತ್ರಿ ತರ್ರಿ."

ಭಾವನವರು ಮಿರಜದ ವ್ಯಾಪಾರಿಯನ್ನು ಒಪ್ಪಿಸಲು ಓಡಿದರು. ಇತ್ತ ಗಂಗವ್ವ ಎಂಬ ಹಿರಿಯಳು ತನ್ನವರನ್ನು ಸಾಲಿಗೊಬ್ಬರಂತೆ ಹಂಚಿದಳು. ದ್ರಾಕ್ಷಿಯನ್ನು ಮುಟ್ಟಬಾರದು, ತೊಟ್ಟು ಹಿಡಿದೇ ಕೊಯ್ಯಬೇಕು, ಇಲ್ಲದಿದ್ದರೆ ಮೈಮೇಲಿನ ಬೂದಿಯಂಥ ಪುಡಿ ಅಳಿಸಿ ಕಳೆ ಹೋಗುತ್ತದೆ ಎಂದು ಅಕ್ಕ ತಿಳಿಸಲು ಹೋದಳು. ಗಂಗವ್ವ ನಕ್ಕು, "ಯವ್ವಾ, ಮುಟ್ಟಿದ್ರ ಪುಡಿ ಆಗೂ ಎಲಿ ಎತ್ತೂ ಕೈ ನಮ್ಮು. ನೀ ಚಾ ಇಡು" ಎಂದಳು. ನನಗೂ ಒಂದು ಕತ್ತರಿ ಕೊಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವಳೇ ಬಂದು ಅದನ್ನು ಕಸಿದುಕೊಂಡು, ಖಾಲಿ ಬುಟ್ಟಿ ಕೊಡುವ ಕೆಲಸಕ್ಕೆ ನನ್ನನ್ನು ಹಚ್ಚಿದಳು. ನನ್ನ ಯೋಗ್ಯತೆಗೆ ಸರಿಯಾದ ಹುದ್ದೆ.

ಮರುದಿನ ಮಧ್ಯಾಹ್ನಕ್ಕೆ ಬಳ್ಳಿ ಬರಿದಾಯಿತು, ಲಾರಿ ತುಂಬಿ ಹೋಯಿತು. ಅದರ ಮರುದಿನ ಬೆಳಗಿನ ಜಾವ ಮಳೆ ಬಂತು; ಶ್ರಾವಣದ್ದೇ ಮಳೆ, ತಿಂಗಳು ಮಾತ್ರ ಮಾಘ. ಕೊಟ್ಟಿಗೆಯ ಮುಂದಿನ ತಗಡಿನ ಕೆಳಗೆ ನಾವೆಲ್ಲ ನಿಂತಿದ್ದೆವು. ಆಚೆ, ಕೊಯ್ಯದೆ ಉಳಿದ ಬೇರೆಯವರ ತೋಟಗಳೂ ಇದ್ದವು. ಅದಕ್ಕೇ ಯಾರೂ ಹಿಗ್ಗಲಿಲ್ಲ. ಭಾವನವರು ಬರಿಯ ಎಲೆಗಳ ಮೇಲೆ ಬೀಳುವ ನೀರನ್ನು ನೋಡಿದರು. ಆಮೇಲೆ ಇಷ್ಟು ದಿನಗಳ ಮೌನವನ್ನು ಮುರಿದು ಮಾವನವರನ್ನು ಕೇಳಿದರು:

"ನಿಮ್ಮ ಎಲಿ?"

"ಒಳಗ ಐತಿ."

"ಛಲೋ ಆತು."

ಕ್ಷಮೆ, ಕೃತಜ್ಞತೆ, ಸಂಧಾನ ಎಲ್ಲವೂ ಅಷ್ಟರಲ್ಲೇ ಮುಗಿಯಿತು. ಅಕ್ಕ ಚಹಾ ತಂದಳು. ಗಂಗವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ದಿನಗಳ ಮೇಲೆ ಸ್ವಲ್ಪ ಥಂಡಿ ಹತ್ತಿತೆಂದಳು. ನಾನು ಯಾವ ಊರಿನ ಹೆಸರನ್ನೂ ಎತ್ತದೆ, ಹೌದೆಂದೆ.

ಹಣ್ಣು ತುಸು ಹುಳಿಯೇ ಇತ್ತು. ವ್ಯಾಪಾರಿ ಮುಖ ಹುಳಿ ಮಾಡಿಕೊಂಡೇ ಒಯ್ದಿದ್ದ. ಆದರೆ ಕಂಬಗಳು ನೆಲದಲ್ಲೇ ಉಳಿದವು, ಬಳ್ಳಿಯೂ ಉಳಿಯಿತು. ಅಣ್ಣಂದಿರಲ್ಲಿ ಒಬ್ಬರು ಮುಂದೆ ತಾವೂ ಎರಡು ಎಕರೆ ಹಬ್ಬಿಸಿದರು. ಆ ಹೆಣ್ಣುಮಕ್ಕಳ ಕೈಗಳನ್ನು ನೆನೆದಾಗಲೆಲ್ಲ, ನನ್ನ ತಪ್ಪಿನ ಭಾರವನ್ನು ಹೊತ್ತು ನಡೆದವರು ಎಷ್ಟು ಜನ ಎಂದು ಲೆಕ್ಕ ಹಾಕುತ್ತೇನೆ. ತಪ್ಪು ಮಾಡಲು ಒಬ್ಬ ಸಾಕು, ಅದನ್ನು ತಿದ್ದಲು ಒಂದು ಟೆಂಪೊ ಜನ ಬೇಕು.

ಮರುವರ್ಷ ಸಂಕ್ರಾಂತಿಗೆ ಭಾವನವರು ಬಂದು, ಅದೇ ಪಡಸಾಲೆಯಲ್ಲಿ ಕೂತು, ತುಟಿಯಂಚಿನಲ್ಲಿ ನಗುತ್ತ ಕೇಳಿದರು: "ಮಾಸ್ತರ, ಈ ಸಲ ಹವಾ ಹೆಂಗ ಅಂತೀರಿ?"

"ಮಾವಾರನ್ನ ಕೇಳ್ರಿ" ಎಂದೆ.

ನಾನು ಈ ಜನ್ಮದಲ್ಲಿ ಕೊಟ್ಟ ಹವಾಮಾನ ವರದಿಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.