ಹ್ಯಾಟಿನವರಿಗೆ ಗಂಧದ ಹಾರ

ಪರದೇಶದ ಈ ಹ್ಯಾರಿಸ್‌ಡೇಲ್‌ನ ನಮ್ಮ ಮನೆಯಲ್ಲಿ ಸೋಫಾದಿಂದ ಸೌಟಿನವರೆಗೆ ಎಲ್ಲವೂ ಹೆಂಡತಿಯ ಆಯ್ಕೆ. ನನ್ನದು ಅಂತ ಇದ್ದದ್ದು ಹಜಾರದ ಗೋಡೆಯ ಮೇಲಿನ ಒಂದು ಚಿತ್ರ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಕಲಾವಿದನೊಬ್ಬ ತಾಮ್ರದ ತಗಡಿನಲ್ಲಿ ಗೀರಿ ಅಚ್ಚೊತ್ತಿದ್ದರ ನಕಲು. ನಿರ್ಜನ ಬೀದಿ, ಹ್ಯಾಟು ಹಾಕಿದ ಒಬ್ಬ ಮನುಷ್ಯ. ಅಂಗಡಿಯ ಕಿಟಕಿಯ ಬೆಳಕಿಗೆ ಅವನ ನೆರಳು ಅವನಿಗಿಂತ ಎತ್ತರವಾಗಿ ಎದುರು ಗೋಡೆ ಹತ್ತಿದೆ. ಮುಖ ಪೂರ್ತಿ ಕತ್ತಲು. ಅದರ ಮುಂದೆ ನಿಂತರೆ ಕೈಯಲ್ಲಿನ ಕಾಫಿ ಆರಿದ್ದೂ ನನಗೆ ಗೊತ್ತಾಗುತ್ತಿರಲಿಲ್ಲ.

"ರೀ, ಅಮ್ಮ ಬರೋ ಮುಂಚೆ ಅದನ್ನ ಗ್ಯಾರೇಜಿಗೆ ಹಾಕ್ಬಿಡಿ. ಮನೆಗೆ ಕಳೇನೇ ಇಲ್ಲ" ಅಂದಳು ಹೆಂಡತಿ. ನಾನು ಜಗ್ಗಲಿಲ್ಲ. ಆ ಗೋಡೆಯನ್ನೂ ಬಿಟ್ಟುಕೊಟ್ಟರೆ ನಾನೂ ಗ್ಯಾರೇಜಿಗೇ ಹೋಗಬೇಕಾಗುತ್ತಿತ್ತು.

ಮೈಸೂರಿನಿಂದ ಅತ್ತೆ ಬಂದರು. ನೆರಳು ಬೆಳಕಿನ ಬಗ್ಗೆ ನಾನು ಬಿಗಿದ ಭಾಷಣವನ್ನೆಲ್ಲ ಕೇಳಿಸಿಕೊಂಡು, "ಪಾಪ, ಈ ಕತ್ತಲಲ್ಲಿ ಒಬ್ಬರೇ ಎಲ್ಲಿಗೆ ಹೊರಟಿದಾರೋ" ಎಂದರು. ಮುಸ್ಸಂಜೆ ದೇವರಿಗೆ ದೀಪ ಹಚ್ಚಿದವರು ಆ ಚಿತ್ರದ ಮುಂದೆಯೂ ಒಂದು ಹಚ್ಚಿಟ್ಟರು. ಗಾಜಿನ ಮೇಲೆ ದೀಪ ಕುಣಿದು ನನ್ನ ನೆರಳೆಲ್ಲ ಹಾಳಾಯಿತು. ಆದರೂ ಅತ್ತೆ ನನ್ನ ಪಕ್ಷಕ್ಕೆ ಬಂದರಲ್ಲ ಅಂತ ದೀಪವನ್ನು ಅಲ್ಲೇ ಬಿಟ್ಟೆ.

ಶನಿವಾರ ಸಂಜೆ ಬಾರ್ಬಿಕ್ಯೂಗೆ ಬಂದ ಪಕ್ಕದ ಬೀದಿಯ ಆಂಟಿ ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು. ಕಪ್ಪು ಬಿಳುಪು ಚಿತ್ರ, ಗಾಜಿನ ಫ್ರೇಮು, ಮುಂದೆ ದೀಪ. ನಮ್ಮವರಿಗೆ ಇನ್ನೇನು ಬೇಕು? "ನಿಮ್ಮ ತಂದೆಯವರಾ? ಯಾವಾಗ ಹೋದ್ರು?" ಎನ್ನುತ್ತ ಕೈ ಮುಗಿದು ಕಣ್ಣೊರೆಸಿಕೊಂಡರು. "ಅಲ್ಲ, ಅಲ್ಲ" ಎಂದು ನಾನು ತಡವರಿಸಿದ್ದನ್ನು ದುಃಖ ಅಂದುಕೊಂಡರು. ಮರುದಿನ ಗಂಧದ ಹಾರ ತಂದು ತಾವೇ ಹಾಕಿಯೂ ಬಿಟ್ಟರು.

"ಯಾರಾದ್ರೇನು, ಹಾರ ಬಿದ್ದ ಮೇಲೆ ಇಳಿಸಬಾರ್ದು" ಎಂದು ಅತ್ತೆ ತೀರ್ಪು ಕೊಟ್ಟರು. ಹೆಂಡತಿ ಹಲ್ಲು ಕಡಿದಳು. ಹಾರ ಸರಿಯಾಗಿ ಕಿಟಕಿಯ ಬೆಳಕನ್ನೇ ಮುಚ್ಚಿತ್ತು. ಪರವಾಗಿಲ್ಲ, ಗೆದ್ದವನು ನಾನು.

ಅವತ್ತೇ ಸಂಜೆ ಬೆಂಗಳೂರಿನಿಂದ ಅಪ್ಪನ ವಿಡಿಯೋ ಕಾಲ್ ಬಂತು. "ಯಾರೋ ಅದು ಹಿಂದೆ, ಹಾರ ಹಾಕಿದೀಯಲ್ಲ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆರು ವರ್ಷದ ಮಗಳು ಫೋನಿಗೆ ಮುಖ ತೂರಿಸಿ, "ದಟ್ಸ್ ಯೂ, ತಾತ! ಆಂಟಿ ಸೆಡ್ ಸೋ!" ಎಂದಳು.

ಅಪ್ಪ ಕನ್ನಡಕ ಏರಿಸಿಕೊಂಡು ನಿಧಾನವಾಗಿ ನೋಡಿದರು. "ಹ್ಯಾಟು ನನಗೆ ಚೆನ್ನಾಗೇ ಒಪ್ಪತ್ತೆ ಕಣೋ" ಎಂದು ಕೆಮ್ಮು ಬರುವಷ್ಟು ನಕ್ಕರು. ಕಾಲ್ ಮುಗಿದ ಕೂಡಲೇ, ಯಾರೂ ಹೇಳದೆಯೇ, ಸ್ಟೂಲ್ ಹತ್ತಿ ಚಿತ್ರವನ್ನು ನಾನೇ ಇಳಿಸಿದೆ.